ಹಳೇ ಹಾಯಿ ದೋಣಿ, ಚಿಕ್ಕ ಮಕ್ಕಳು: ರಿಪೇರಿ ಯಾವುದರಿಂದ ಶುರು ಮಾಡಬೇಕು?

ತೇಲುಮನೆ · ಪೋರ್ಟ್ಸ್‌ಮತ್ ಹತ್ತಿರ, ಇಂಗ್ಲೆಂಡ್

ಈ ಗುಂಪಿನಲ್ಲಿ ಆಗಾಗ ಒಂದೇ ಪ್ರಶ್ನೆ ಬರುತ್ತಿದೆ. "ಹಳೇ ಹಾಯಿ ದೋಣಿ ಅಗ್ಗಕ್ಕೆ ಸಿಗುತ್ತಿದೆ, ಮಕ್ಕಳು ಚಿಕ್ಕವರು, ತಗೊಳ್ಳಬಹುದಾ?" ತಗೊಳ್ಳಬಹುದು. ಆದರೆ ಯಾವ ರಿಪೇರಿ ಮೊದಲು, ಯಾವುದು ಆಮೇಲೆ ಅನ್ನುವುದು ಮನೆಯವರೆಲ್ಲರಿಗೂ ಗೊತ್ತಿರಬೇಕು. ಅದನ್ನೇ ಒಂದು ಕಡೆ ಬರೆದಿಡೋಣ ಅಂತ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ನಮ್ಮದು ವೆಸ್ಟರ್ಲಿ ಸೆಂಟಾರ್. 26 ಅಡಿ ಉದ್ದದ ಫೈಬರ್‌ಗ್ಲಾಸ್ ದೋಣಿ, 1970ರ ದಶಕದ್ದು. ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಯಾವ ಅಳಿವೆಗೆ ಹೋದರೂ ಇಂಥದ್ದು ಒಂದಾದರೂ ಕಾಣಿಸುತ್ತದೆ. 1969ರಿಂದ ಶುರುವಾಗಿ 2,400ಕ್ಕೂ ಹೆಚ್ಚು ದೋಣಿಗಳನ್ನು ಕಟ್ಟಿದ್ದರು. ತಳದಲ್ಲಿ ಎರಡು ಕೀಲ್ (ಕೆಳಕ್ಕೆ ಚಾಚಿದ ಭಾರದ ರೆಕ್ಕೆಗಳು) ಇರುವುದರಿಂದ ಇಳಿತದಲ್ಲಿ ಕೆಸರಿನ ಮೇಲೆ ನೆಟ್ಟಗೆ ನಿಲ್ಲುತ್ತದೆ. ತೇಲಲು ಒಂದು ಮೀಟರ್‌ಗಿಂತ ಕಡಿಮೆ ಆಳ ಸಾಕು. ಹಾಗಾಗಿ ದುಬಾರಿ ಮರೀನಾ (ದೋಣಿಗಳ ನಿಲ್ದಾಣ) ಬೇಡ, ಕೆಸರಿನ ಮೂರಿಂಗ್ (ದೋಣಿ ಕಟ್ಟಿ ನಿಲ್ಲಿಸುವ ಜಾಗ) ಸಾಕು. ಮಧ್ಯಮ ವರ್ಗದ ಸಂಸಾರಕ್ಕೆ ಅದೇ ದೊಡ್ಡ ಅನುಕೂಲ.

ನಾನು ಕುಂದಾಪುರದ ಕಡೆಯವಳು, ನಮ್ಮನೆಯವರು ತುಮಕೂರಿನವರು. ಮಗಳು ಆರನೇ ಕ್ಲಾಸು, ಮಗ ಎರಡನೇ ಕ್ಲಾಸು.

ನನ್ನ ಮಾತು ಇಷ್ಟು: ಪ್ರತಿ ಬೇಸಿಗೆಯೂ ದೋಣಿ ನೀರಿನಲ್ಲಿ ಇರಲೇಬೇಕು. ಚಳಿಗಾಲದಲ್ಲಿ ದಡಕ್ಕೆ ಎತ್ತಿದಾಗ ಒಂದೇ ಒಂದು ದೊಡ್ಡ ಕೆಲಸ ಹಿಡಿಯಬೇಕು. ಅದು ಮುಗಿಯುವ ತನಕ ಇನ್ನೊಂದನ್ನು ಬಿಚ್ಚಬಾರದು. ಎಲ್ಲವನ್ನೂ ಒಟ್ಟಿಗೆ ಬಿಚ್ಚಿ ಹಾಕಿ, ಮುಗಿದ ಮೇಲೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ ಅಂದವರ ದೋಣಿಗಳನ್ನು ನಮ್ಮ ದೋಣಿ ರಿಪೇರಿ ಯಾರ್ಡ್‌ನಲ್ಲಿ ನೋಡುತ್ತಲೇ ಇದ್ದೇನೆ. ಟಾರ್ಪಾಲಿನ್ ಮೇಲೆ ಪಾಚಿ ಬೆಳೆದಿದೆ. ಒಳಗೆ ಬಿಚ್ಚಿಟ್ಟ ಪ್ಲೈವುಡ್ ಹಾಗೇ ಇದೆ. ಅವರ ಮಕ್ಕಳು ಕಾಲೇಜಿಗೆ ಹೋಗಿಯಾಯಿತು.

ಕ್ರಮ ಹೇಗೆ ಅಂದರೆ, ಮೊದಲು ಮುಳುಗಿಸುವಂಥದ್ದು, ಸುಡುವಂಥದ್ದು, ಉಸಿರು ಕಟ್ಟಿಸುವಂಥದ್ದು. ಅಂದರೆ ತಳದ ತೂತುಗಳಿಗೆ ಕೂರಿಸಿದ ಸೀಕಾಕ್ ವಾಲ್ವ್‌ಗಳು, ಅಡುಗೆ ಗ್ಯಾಸಿನ ಪೈಪು, ಎಂಜಿನ್ ಹೊಗೆ ಪೈಪು, ಹಾಯಿ ಕಂಬವಾದ ಮಾಸ್ಟನ್ನು ಹಿಡಿದು ನಿಲ್ಲಿಸಿರುವ ಉಕ್ಕಿನ ತಂತಿಗಳು. ಇವು ಸರಿ ಇಲ್ಲದೆ ಮಕ್ಕಳನ್ನು ಹತ್ತಿಸುವ ಮಾತೇ ಇಲ್ಲ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಹೊರಗೆ ಹೋಗುವುದಿಲ್ಲ, ದೋಣಿಯ ತಳಕ್ಕೆ ಇಳಿದು ಅಲ್ಲೇ ಕೂತಿರುತ್ತದೆ. ಒಂದು ಕಿಡಿ ಸಾಕು. ಅದಕ್ಕೇ ಸಿಲಿಂಡರ್ ಇಡುವ ಪೆಟ್ಟಿಗೆಯ ತಳದಿಂದ ಹೊರಕ್ಕೆ ಒಂದು ಕೊಳವೆ ಇರಬೇಕು.

ಎರಡನೆಯದು, ಹಾಸಿಗೆ ಒಣಗಿರಬೇಕು, ಟಾಯ್ಲೆಟ್ ಕೆಲಸ ಮಾಡಬೇಕು. ಅನುಭವಸ್ಥರು ಇದನ್ನು ಕೊನೆಗೆ ತಳ್ಳುತ್ತಾರೆ. ನಾನು ಒಪ್ಪುವುದಿಲ್ಲ. ರಾತ್ರಿ ಎರಡು ಗಂಟೆಗೆ ಕಿಟಕಿಯಿಂದ ಮುಖದ ಮೇಲೆ ನೀರು ತೊಟ್ಟಿಕ್ಕಿದ ಮಗು ಮುಂದಿನ ವಾರ ಬರುವುದಿಲ್ಲ. ಮಗು ಬರದಿದ್ದರೆ ತಾಯಿಯೂ ಬರುವುದಿಲ್ಲ. ಆಮೇಲೆ ಹೊಸ ಹಾಯಿ ಹಾಕಿ ಏನು ಪ್ರಯೋಜನ?

ಮೂರನೆಯದು ಹಾಯಿ, ಎಂಜಿನ್‌ನ ಸಣ್ಣಪುಟ್ಟ ಸುಧಾರಣೆ, ಉಪಕರಣಗಳು. ಪಾಲಿಶ್, ವಾರ್ನಿಶ್ ಎಲ್ಲಾ ಕೊನೆಗೆ. ಆಗದಿದ್ದರೂ ನಡೆಯುತ್ತದೆ.

ಒಪ್ಪದವರು ದಯವಿಟ್ಟು ಬರೆಯಿರಿ. ಬೇರೆ ಕಡೆಯ ಕನ್ನಡಿಗರು ಹೇಗೆ ಮಾಡುತ್ತೀರಿ ಅಂತ ತಿಳಿಯುವ ಆಸೆ.

ಮಲ್ಪೆ ಬಂದರು · ಉಡುಪಿ

ನಮ್ಮ ಮನೆಯಲ್ಲಿ ಮೀನುಗಾರಿಕೆ ಬೋಟ್. ಹಾಯಿ ಇಲ್ಲ, ಡೀಸೆಲ್. ಆದರೂ ನೀವು ಹೇಳಿದ "ಒಂದು ಋತು ನೀರು, ಒಂದು ಋತು ದಡ" ನಮಗೆ ಹೊಸದಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟ್‌ಗಳಿಗೆ ಕಡಲಿಗಿಳಿಯಲು ನಿಷೇಧ. ಆ 61 ದಿನದಲ್ಲೇ ಬಲೆ ಹೆಣೆಯುವುದು, ತಳ ಕೆರೆಯುವುದು, ಬಣ್ಣ, ಎಂಜಿನ್ ಎಲ್ಲಾ. ನೂಲ ಹುಣ್ಣಿಮೆಯ ಸಮುದ್ರ ಪೂಜೆಗೆ ಹಾಲು, ತೆಂಗಿನಕಾಯಿ ಬಿಟ್ಟ ಮೇಲೆ ಕಡಲಿಗೆ ಹೊರಡುವ ಪದ್ಧತಿ. ಗಡುವು ಇರುವುದರಿಂದ ಯಾರೂ ಸುಮ್ನೆ ಬಿಚ್ಚಿ ಹಾಕಿ ಕೂರುವುದಿಲ್ಲ. ನಿಮಗೂ ಅಂಥ ಒಂದು ತಾರೀಖು ಬೇಕು ಅನ್ನಿಸುತ್ತದೆ.

ಮರದ ದೋಣಿ ಇದ್ದ ಕಾಲದಲ್ಲಿ ಅಜ್ಜ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು. ಮಕ್ಕಳಾದ ನಮ್ಮನ್ನು ಆ ದಿನ ಹತ್ತಿರ ಬಿಡುತ್ತಿರಲಿಲ್ಲ. ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ದೊಡ್ಡಮ್ಮ ಬಲೆಯ ಕಣ್ಣು ಹಾಕುತ್ತಿದ್ದರು, ನಾವು ನೂಲು ಸುತ್ತಿ ಕೊಡುತ್ತಿದ್ದೆವು. ಎಲ್ಲರಿಗೂ ಒಂದು ಕೆಲಸ ಇತ್ತು.

ಒಂದು ಪ್ರಶ್ನೆ: ಕೆಸರಿನ ಮೇಲೆ ಕೂತ ದೋಣಿಯನ್ನು ದಡಕ್ಕೆ ಹೇಗೆ ತರುತ್ತೀರಿ? ನಮ್ಮಲ್ಲಿ ಉಬ್ಬರ ಒಂದು, ಒಂದೂವರೆ ಮೀಟರ್ ಏಳುತ್ತದೆ ಅಷ್ಟೇ.

ತೇಲುಮನೆ

ಇಲ್ಲಿ ಅಮಾವಾಸ್ಯೆ, ಹುಣ್ಣಿಮೆ ಕಳೆದ ಎರಡು ದಿನಕ್ಕೆ ಸುಮಾರು ನಾಲ್ಕು ಮೀಟರ್ ಏರಿಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಅರ್ಧಕ್ಕೆ ಇಳಿಯುತ್ತದೆ. ನಮ್ಮ ಯಾರ್ಡ್ ಚಿಚೆಸ್ಟರ್ ಹಾರ್ಬರ್‌ನ ಒಂದು ಕವಲಿನ ತುದಿಯಲ್ಲಿದೆ. ದೊಡ್ಡ ಉಬ್ಬರ ಇಲ್ಲದಿದ್ದರೆ ಅಲ್ಲಿಗೆ ನೀರೇ ಬರುವುದಿಲ್ಲ.

ನೀವು ಕೇಳಿದ ತಾರೀಖು ನಮಗೆ ತಾನಾಗಿಯೇ ಸಿಕ್ಕಿದೆ. ಯುಗಾದಿ. ಅಮಾವಾಸ್ಯೆಯ ಮರುದಿನ ಪಾಡ್ಯ, ಅದರ ಹಿಂದೆಯೇ ವರ್ಷದ ದೊಡ್ಡ ಉಬ್ಬರಗಳಲ್ಲಿ ಒಂದು. ಹಗಲು ರಾತ್ರಿ ಸಮವಾಗುವ ಕಾಲಕ್ಕೆ ಹತ್ತಿರ ಬಿದ್ದರಂತೂ ಇನ್ನೂ ದೊಡ್ಡದು. 2025ರಲ್ಲಿ ಮಾರ್ಚ್ 30ಕ್ಕೆ ಯುಗಾದಿ ಬಂತು, ಆ ವಾರವೇ ನಾವು ನೀರಿಗಿಳಿದೆವು. ಈ ಕಡೆ ದೊಡ್ಡ ಉಬ್ಬರದ ದಿನ ನೀರು ತುಂಬುವುದು ನಡು ಮಧ್ಯಾಹ್ನದ ಹೊತ್ತಿಗೆ. ಬೆಳಿಗ್ಗೆ ಮನೆಯಲ್ಲಿ ಒಬ್ಬಟ್ಟು ಮಾಡಿ ಡಬ್ಬಿಗೆ ಹಾಕಿಕೊಂಡು ಹೋಗಲು ಸಮಯ ಇರುತ್ತದೆ. ಅತ್ತೆ ತುಮಕೂರಿನಿಂದ ತರುವ ಪಂಚಾಂಗ ನಮ್ಮ ಉಬ್ಬರದ ಪಟ್ಟಿಯ ಪಕ್ಕದಲ್ಲೇ ತೂಗುತ್ತದೆ. ಗಂಟೆ, ಎತ್ತರ ಎಲ್ಲಾ ಪಟ್ಟಿಯಲ್ಲೇ ನೋಡಬೇಕು. ಆದರೆ ಯಾವ ವಾರ ರಜೆ ಹಾಕಬೇಕು ಅನ್ನುವುದಕ್ಕೆ ಪಂಚಾಂಗ ಸಾಕು.

ಉಕ್ಕಿನ ದೋಣಿ · ಫ್ರೀಸ್‌ಲ್ಯಾಂಡ್, ನೆದರ್ಲೆಂಡ್ಸ್

ತೇಲುಮನೆಯವರ ಮಾತನ್ನು ಪೂರ್ತಿ ಒಪ್ಪಲಾರೆ. ನನ್ನದು ಉಕ್ಕಿನ ಹಾಯಿ ದೋಣಿ. ಈ ದೇಶದಲ್ಲಿ ಉಕ್ಕಿನ ದೋಣಿಗಳು ಸಾಕಷ್ಟಿವೆ. ಉಕ್ಕು ಹೊರಗಿನಿಂದ ತುಕ್ಕು ಹಿಡಿದರೆ ಕಣ್ಣಿಗೆ ಕಾಣಿಸುತ್ತದೆ. ಆದರೆ ಹಾಳಾಗುವುದು ಒಳಗಿನಿಂದ. ಹಲಗೆಗಳ ಕೆಳಗೆ ನಿಂತ ನೀರು, ಮೂಲೆಗಳಲ್ಲಿ ಇಳಿದ ತೇವ. ತಗಡಿನ ದಪ್ಪವನ್ನು ಅಲ್ಟ್ರಾಸೌಂಡ್ ಉಪಕರಣದಿಂದ ಅಳೆಸಿ, ತೆಳುವಾದ ಜಾಗಕ್ಕೆ ಹೊಸ ತಗಡು ಬೆಸೆಯಬೇಕು. ಬೆಸುಗೆ ಮಾಡುವಾಗ ಆ ಜಾಗದ ಹಿಂದೆ ಫೋಮ್, ಮರ, ವೈರಿಂಗ್ ಯಾವುದೂ ಇರಬಾರದು, ಬೆಂಕಿ ಹತ್ತುತ್ತದೆ. ಹಾಗಾಗಿ ಒಳಗಿನದೆಲ್ಲಾ ತೆಗೆಯಲೇಬೇಕು. ಒಂದು ಚಳಿಗಾಲಕ್ಕೆ ಒಂದು ಮೂಲೆ ಅಂತ ಮಾಡಿದರೆ ಪ್ರತಿ ವರ್ಷ ಅದನ್ನೇ ಬಿಚ್ಚಿ ಅದನ್ನೇ ಜೋಡಿಸುತ್ತಾ ಕೂರಬೇಕಾಗುತ್ತದೆ.

ನಾನು ಶೆಡ್ ಬಾಡಿಗೆಗೆ ಹಿಡಿದು ಎಲ್ಲಾ ಒಟ್ಟಿಗೆ ಮಾಡಿದೆ. ಶುರು ಮಾಡುವ ಮೊದಲೇ ಮನೆಯಲ್ಲಿ ಕೂತು ಮಾತಾಡಿದ್ದೆವು: ಇಷ್ಟು ದುಡ್ಡು, ಇಂಥ ಬೇಸಿಗೆಯೊಳಗೆ ಮುಗಿಯಬೇಕು, ಮುಗಿಯದಿದ್ದರೆ ಮಾರುವುದು. ಹೆಂಡತಿ ಅದನ್ನು ಒಂದು ಕಾಗದದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದ್ದಳು. ಮುಗಿಯಿತು. ಈಗ ಮಕ್ಕಳು ಫ್ರೀಸ್‌ಲ್ಯಾಂಡಿನ ಕೆರೆಗಳಲ್ಲಿ ಚುಕ್ಕಾಣಿ ಹಿಡಿಯುತ್ತಾರೆ.

ತೇಲುಮನೆ

ಉಕ್ಕಿನ ವಿಷಯದಲ್ಲಿ ನಿಮ್ಮ ಮಾತು ಸರಿ. ನಾನು ಹೇಳಿದ್ದು ಫೈಬರ್‌ಗ್ಲಾಸಿಗೆ. ಅದರ ರಿಪೇರಿಯನ್ನು ಸ್ವಲ್ಪ ಮುಂದಕ್ಕೆ ಹಾಕಬಹುದು. ತಳದಲ್ಲಿ ನೀರುಗುಳ್ಳೆ ಬಂದರೂ, ಚುಚ್ಚಿದಾಗ ವಿನೆಗರ್ ವಾಸನೆಯ ನೀರು ಬಂದರೂ, ಅದೇ ವರ್ಷ ಎಲ್ಲಾ ಕೆರೆದು ಎಪಾಕ್ಸಿ (ಗಟ್ಟಿಯಾಗುವ ರಾಳದ ಅಂಟು) ಬಳಿಯಲೇಬೇಕು ಅಂತೇನಿಲ್ಲ. 70ರ ದಶಕದಲ್ಲಿ ಪದರಗಳನ್ನು ದಪ್ಪವಾಗಿಯೇ ಹಾಕುತ್ತಿದ್ದರು. ಗುಳ್ಳೆಗಳ ಫೋಟೋ ತೆಗೆದಿಟ್ಟು ಮುಂದಿನ ವರ್ಷ ಹೋಲಿಸಿ ನೋಡಬಹುದು. ಸೆಂಟಾರ್‌ನಲ್ಲಿ ಕಾಯಬಾರದ ಜಾಗ ಅಂದರೆ ಕೀಲ್ ಮತ್ತು ತಳ ಸೇರುವ ಜಾಗ. ಮೊದಮೊದಲ ವರ್ಷಗಳ ದೋಣಿಗಳಿಗೆ ಅಲ್ಲಿ ಒಳಗಿನಿಂದ ಪಟ್ಟಿ ಕಟ್ಟಿ ಬಲ ಕೊಡುವುದು ಸಾಮಾನ್ಯ. ದೋಣಿ ಪರೀಕ್ಷಿಸುವ ಸರ್ವೇಯರ್ ನೋಡಲೇಬೇಕು.

ಆ ಫ್ರಿಜ್ ಮೇಲಿನ ಕಾಗದ ಬಹಳ ಒಳ್ಳೆಯ ಕೆಲಸ.

ಬಣ್ಣ ಅಂಟು ರಸಾಯನ · ಮಂಗಳೂರು

ನಾನು ಕೋಟಿಂಗ್‌ಗಳ ಕೆಲಸದಲ್ಲಿದ್ದೇನೆ. ಮಕ್ಕಳಿಗೆ ಕೆಲಸ ಕೊಡುವುದು ಚೆನ್ನ. ಆದರೆ ಎರಡು ಕೆಲಸದಿಂದ ಅವರನ್ನು ಪೂರ್ತಿ ದೂರ ಇಡಿ.

ಒಂದು, ತಳದ ಹಳೇ ಬಣ್ಣ ಕೆರೆಯುವುದು. ಚಿಪ್ಪುಜೀವಿ, ಪಾಚಿ ಅಂಟಬಾರದು ಅಂತ ಬಳಿಯುವ ಆಂಟಿಫೌಲಿಂಗ್ ಪೇಂಟ್ ಅಂದರೆ ವಿಷವೇ. ಈಗಿನವುಗಳಲ್ಲಿ ತಾಮ್ರ ಇರುತ್ತದೆ. 1970, 80ರ ದಶಕದ ಪದರಗಳು ಅಡಿಯಲ್ಲಿ ಉಳಿದಿದ್ದರೆ ಅದರಲ್ಲಿ ಟಿಬಿಟಿ ಎಂಬ ತವರದ ಸಂಯುಕ್ತ ಇರಬಹುದು. ಸಿಂಪಿಗಳ ಸಂತತಿಯನ್ನೇ ಕೆಡಿಸಿದ್ದರಿಂದ ಬ್ರಿಟನ್ನಿನಲ್ಲಿ 25 ಮೀಟರ್‌ಗಿಂತ ಚಿಕ್ಕ ದೋಣಿಗಳಿಗೆ ಅದನ್ನು 1987ರಲ್ಲೇ ನಿಷೇಧಿಸಿದರು. ಜಗತ್ತಿನ ಎಲ್ಲಾ ಹಡಗುಗಳಿಗೆ ನಿಷೇಧ ಜಾರಿಗೆ ಬಂದದ್ದು 2008ರಲ್ಲಿ. ಒಣ ಸ್ಯಾಂಡಿಂಗ್ ಮಾಡಲೇಬೇಡಿ. ನೀರು ಹಾಕಿ ಉಜ್ಜಿ, ಇಲ್ಲವೇ ಸ್ಕ್ರೇಪರ್‌ನಿಂದ ಕೆರೆದು ಚೂರುಗಳನ್ನೆಲ್ಲಾ ಹಾಳೆಯಲ್ಲಿ ಹಿಡಿದು ಯಾರ್ಡ್ ಹೇಳಿದ ಕಡೆ ಹಾಕಿ. ಆ ಬಟ್ಟೆಯಲ್ಲೇ ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳಬೇಡಿ. ಕಾರಿನಲ್ಲಿ ಕೂರುವ ಮೊದಲೇ ಬದಲಾಯಿಸಿ, ಬೇರೆ ಒಗೆಯಿರಿ.

ಎರಡು, ಎಪಾಕ್ಸಿ. ಕೈಗೆ ಪದೇ ಪದೇ ತಾಗಿದರೆ ಅಲರ್ಜಿ ಬರುತ್ತದೆ. ಒಮ್ಮೆ ಬಂದರೆ ಸಾಮಾನ್ಯವಾಗಿ ಹೋಗುವುದಿಲ್ಲ. ನೈಟ್ರೈಲ್ ಗ್ಲೌಸ್ ಹಾಕಿ, ಹರಿದ ಕೂಡಲೇ ಬದಲಾಯಿಸಿ.

ಮಲ್ಪೆಯವರು ಗೇರುಸಿಪ್ಪೆ ಎಣ್ಣೆ ಅಂದಾಗ ಖುಷಿಯಾಯಿತು. ಅದೇ ಎಣ್ಣೆಯಿಂದ ಕಾರ್ಡನಾಲ್ ತೆಗೆಯುತ್ತಾರೆ, ಕಾರ್ಡನಾಲ್‌ನಿಂದ ಫೆನಾಲ್ಕಮೀನ್ ಎಂಬ ಗಟ್ಟಿಕಾರಕ ಮಾಡುತ್ತಾರೆ. ಚಳಿಯಲ್ಲೂ ತೇವದಲ್ಲೂ ಗಟ್ಟಿಯಾಗುವ ಎಪಾಕ್ಸಿ ಬಣ್ಣಗಳಲ್ಲಿ ಅದು ಬಳಕೆಯಲ್ಲಿದೆ, ಹಡಗುಗಳಿಗೆ ವಿಶೇಷವಾಗಿ. ಇಂಗ್ಲೆಂಡಿನ ಚಳಿಗಾಲದಲ್ಲಿ ಬಣ್ಣ ಬಳಿಯುವವರು ಡಬ್ಬದ ಮೇಲೆ ಫೆನಾಲ್ಕಮೀನ್ ಅಂತ ಇದೆಯಾ ನೋಡಿ. ಮಾಮೂಲಿ ಎಪಾಕ್ಸಿ 10 ಡಿಗ್ರಿಗಿಂತ ಕೆಳಗೆ ಬಹಳ ನಿಧಾನವಾಗುತ್ತದೆ. ಮೇಲೆ ಮೇಣದಂಥ ಜಿಡ್ಡು ಬರುತ್ತದೆ. ಅದನ್ನು ನೀರಿನಿಂದ ತೊಳೆಯದೆ ಇನ್ನೊಂದು ಪದರ ಹಾಕಿದರೆ ಹಿಡಿಯುವುದಿಲ್ಲ.

ದಡದಲ್ಲಿರುವವಳು · ಆಕ್ಲೆಂಡ್

ತುಂಬಾ ಹೊತ್ತು ಓದಿ ಆಮೇಲೆ ಬರೆಯುತ್ತಿದ್ದೇನೆ. ನಮ್ಮ ಮನೆಯವರು ನ್ಯೂಜಿಲೆಂಡಿನ ಕೌರಿ ಎಂಬ ಮರದಿಂದ ಮಾಡಿದ ಹಳೇ ಹಾಯಿ ದೋಣಿ ತಗೊಂಡಿದ್ದಾರೆ. ಸುಂದರವಾಗಿದೆ, ಸುಳ್ಳು ಹೇಳುವುದಿಲ್ಲ. ಆದರೆ ಶನಿವಾರ ಬೆಳಿಗ್ಗೆ ಹೊರಟರೆ ಬರುವುದು ಕತ್ತಲಾದ ಮೇಲೆ, ಭಾನುವಾರವೂ ಅದೇ. ಮಗನ ಫುಟ್ಬಾಲ್, ಮಗಳ ಭರತನಾಟ್ಯ, ದಿನಸಿ, ಬಟ್ಟೆ ಎಲ್ಲಾ ನನ್ನ ತಲೆಗೆ. ಊಟದ ಹೊತ್ತಿಗೂ ಮಾತು ದೋಣಿಯದ್ದೇ. ನಾನು ಬೇಡ ಅಂದಿಲ್ಲ. ಅವರಿಗೆ ಆಫೀಸಿನ ಒತ್ತಡ ಇಳಿಯುವುದು ಅಲ್ಲೇ ಅಂತ ನನಗೂ ಗೊತ್ತು. ಆದರೆ ಇದು ನಮ್ಮ ದೋಣಿ ಅಂತ ನನಗೆ ಅನ್ನಿಸುತ್ತಿಲ್ಲ. ಅಲ್ಲಿ ಹೋದರೆ ಕೂರಲು ಜಾಗವಿಲ್ಲ, ಎಲ್ಲಾ ಕಡೆ ಉಪಕರಣ. ಮಕ್ಕಳಿಗೆ "ಮುಟ್ಟಬೇಡ" ಅನ್ನುವುದೊಂದೇ.

ಇಷ್ಟು ವರ್ಷ ದೋಣಿ ಇಟ್ಟುಕೊಂಡೂ ಸಂಸಾರ ಚೆನ್ನಾಗಿ ನಡೆಸಿದವರು ಏನು ಮಾಡುತ್ತೀರಿ? ನಿಜವಾದ ಉತ್ತರ ಬೇಕು.

ತೇಲುಮನೆ

ನೀವು ಬರೆದದ್ದು ಒಳ್ಳೆಯದಾಯಿತು. ನನಗೆ ಇಡೀ ಚರ್ಚೆಯಲ್ಲಿ ಇದೇ ಮುಖ್ಯ ಪ್ರಶ್ನೆ.

ನಮ್ಮಲ್ಲಿ ಶನಿವಾರ ದೋಣಿಯ ದಿನ, ಭಾನುವಾರ ಮನೆಯ ದಿನ. ಚಳಿಗಾಲದಲ್ಲಿ ಇದು ಕಟ್ಟುನಿಟ್ಟು. ಭಾನುವಾರ ಬಿಸಿಲು ಬಂದು ಬಣ್ಣ ಬಳಿಯಲು ಹೇಳಿ ಮಾಡಿಸಿದ ಹವೆ ಇದ್ದರೂ ಯಾರ್ಡ್‌ಗೆ ಹೋಗುವುದಿಲ್ಲ. ಬಣ್ಣ ಕಾಯುತ್ತದೆ. ಶನಿವಾರವೂ ಒಬ್ಬರು ಒಬ್ಬರೇ ಹೋಗುವುದು ಕಡಿಮೆ. ಮೈಗೆ ವಿಷ ತಾಗುವ ಕೆಲಸದ ದಿನ ಬಿಟ್ಟು ಉಳಿದ ದಿನ ಇಬ್ಬರಲ್ಲಿ ಒಬ್ಬರು ಒಂದು ಮಗುವನ್ನಾದರೂ ಕರೆದುಕೊಂಡು ಹೋಗುತ್ತೇವೆ. ಇನ್ನೊಬ್ಬರು ಮನೆಯಲ್ಲಿ.

ಮಗುವಿಗೆ ಕೊಡುವ ಕೆಲಸ ನಿಜವಾದ ಕೆಲಸ ಆಗಿರಬೇಕು. ಕೈಗೆ ಬ್ರಶ್ ಕೊಟ್ಟು ಸುಮ್ನೆ ಕೂರಿಸುವುದು ಅವರಿಗೂ ಗೊತ್ತಾಗುತ್ತದೆ. ಕಿಟಕಿ ಸೋರುವುದನ್ನು ಹೇಗೆ ಹಿಡಿದೆವು ಹೇಳುತ್ತೇನೆ. ನಮ್ಮನೆಯವರು ಹೊರಗೆ ಪೈಪ್ ಹಿಡಿದು ನಿಂತರು. ಮಕ್ಕಳಿಬ್ಬರೂ ಒಳಗೆ, ಕೈಯಲ್ಲಿ ಟಾರ್ಚ್, ಸೀಮೆಸುಣ್ಣ, ಅಡುಗೆಮನೆಯ ಟಿಶ್ಯೂ. ನೀರನ್ನು ಒಮ್ಮೆಲೇ ಮೇಲಿನಿಂದ ಸುರಿಯಬಾರದು. ಮೊದಲು ಕಿಟಕಿಯ ಕೆಳಗಿನ ಅಂಚಿಗೆ ಮಾತ್ರ, ಸ್ವಲ್ಪ ಹೊತ್ತು ಬಿಟ್ಟು ಪಕ್ಕಕ್ಕೆ, ಆಮೇಲೆ ಮೇಲಿನ ಅಂಚಿಗೆ, ಕೊನೆಗೆ ಡೆಕ್ಕಿನ (ದೋಣಿಯ ಮೇಲಿನ ಹಾಸು) ಬೋಲ್ಟ್‌ಗಳಿಗೆ. ಯಾವ ಹಂತದಲ್ಲಿ ಒಳಗೆ ತೇವ ಕಾಣುತ್ತದೋ ಆ ಹಂತದಲ್ಲೇ ತೂತು ಇದೆ. ಮಗ ಟಿಶ್ಯೂ ಒತ್ತಿ ನೋಡುತ್ತಾ ಇದ್ದ, ಮಗಳು ಸಮಯ ಬರೆದುಕೊಳ್ಳುತ್ತಿದ್ದಳು. ಕಿಟಕಿಗೆ ಪೂರ್ತಿ ನೀರು ಹಾಕಿದರೂ ಟಿಶ್ಯೂ ಒಣಗಿಯೇ ಇತ್ತು. ಡೆಕ್ಕಿನಲ್ಲಿ ಕೈಹಿಡಿ ಕೂರಿಸಿದ ಬೋಲ್ಟ್ ಹತ್ತಿರ ಪೈಪ್ ಹೋದ ಕೂಡಲೇ "ಅಪ್ಪಾ ನಿಲ್ಲಿಸು" ಅಂತ ಒಳಗಿನಿಂದ ಕೂಗಿದ. ನೀರು ಅಲ್ಲಿಂದ ಇಳಿದು, ಲೈನಿಂಗ್ ಹಿಂದೆ ಹರಿದು, ಕಿಟಕಿಯ ಮೂಲೆಯಲ್ಲಿ ತೊಟ್ಟಿಕ್ಕುತ್ತಿತ್ತು. ಬೋಲ್ಟ್ ತೆಗೆದು, ತೂತಿನ ಅಂಚನ್ನು ಸ್ವಲ್ಪ ಇಳಿಜಾರು ಮಾಡಿ, ಬ್ಯೂಟೈಲ್ ಟೇಪ್ (ನೀರು ತಡೆಯುವ ಮೆತ್ತನೆ ಅಂಟುಪಟ್ಟಿ) ಸುತ್ತಿ ಬಿಗಿ ಮಾಡಿದೆವು. ಸೋರುವುದು ನಿಂತಿತು. ಆ ಬೋಲ್ಟ್ ಈಗಲೂ ಅವನದ್ದೇ. ಪ್ರತಿ ವರ್ಷ ತಾನೇ ಪರೀಕ್ಷೆ ಮಾಡುತ್ತಾನೆ.

ಅತ್ತೆಗೆ ದೋಣಿ ಹತ್ತುವುದು ಇಷ್ಟವಿಲ್ಲ, ನೀರಿನ ಭಯ. ಆದರೆ ಒಳಗಿನ ಕುಶನ್ ಕವರ್‌ಗಳನ್ನೆಲ್ಲಾ ಹೊಲಿದವರು ಅವರು. ದೋಣಿಯ ಮುಂದಿನ ಮಲಗುವ ಜಾಗ ಚೌಕಾಕಾರ ಅಲ್ಲ, ಒಂದು ಕಡೆ ಮೊನಚು, ಅಂಚು ಕೂಡ ಓರೆ. ಅವರು ನ್ಯೂಸ್‌ಪೇಪರ್ ಹಾಸಿ ಅಚ್ಚು ತೆಗೆಯಲು ಹೇಳಿದರು, ಮನೆಯಲ್ಲಿ ಕೂತು ರವಿಕೆಯ ಕಟಿಂಗ್ ಮಾಡುವ ಲೆಕ್ಕದಲ್ಲಿ ಅಳತೆ ಹಾಕಿದರು. ಅಂಗಡಿಯಲ್ಲಿ ಹೇಳಿದ ಬೆಲೆ ಕೇಳಿ ಅವರಿಗೆ ಬಂದ ಸಿಟ್ಟಿನಲ್ಲೇ ಅರ್ಧ ಕೆಲಸ ಮುಗಿಯಿತು. ಕಾರ್ಡ್ರಾಯ್ ಬಟ್ಟೆ, ಗಟ್ಟಿ ಜಿಪ್. ಅಷ್ಟು ಚೆನ್ನಾಗಿ ಕೂತಿದೆ.

ನಿಮಗೆ ಹೇಳುವುದಾದರೆ, ದೋಣಿಯೊಳಗೆ ಒಂದು ಜಾಗ ನಿಮ್ಮದು ಅಂತ ಕೇಳಿ. ಒಂದು ಬೆಂಚು, ಒಂದು ಕಪಾಟು, ಅಡುಗೆ ಒಲೆ. ಅಲ್ಲಿ ಉಪಕರಣ ಇಡುವಂತಿಲ್ಲ. ಆ ಜಾಗ ಮೊದಲು ಮುಗಿಯಬೇಕು. ನಾನು ಕೇಳಿದ್ದು ಒಲೆ. ಚಿಕ್ಕ ಪ್ರೆಶರ್ ಕುಕ್ಕರ್ ಇಟ್ಟಿದ್ದೇನೆ. ಮುಚ್ಚಳ ಬೀಗ ಹಾಕಿದ ಹಾಗೆ ಕೂರುವುದರಿಂದ ದೋಣಿ ವಾಲಿದರೂ ಚೆಲ್ಲುವುದಿಲ್ಲ, ಗ್ಯಾಸ್ ಉಳಿಯುತ್ತದೆ, ಹಬೆ ಕಡಿಮೆ ಇರುವುದರಿಂದ ಗೋಡೆ ಬೆವರುವುದೂ ಕಡಿಮೆ. ಅಲೆ ಜಾಸ್ತಿ ಇರುವ ದಿನ ಒಲೆಯೇ ಬೇಡ. ಗೊಜ್ಜವಲಕ್ಕಿ ಮನೆಯಿಂದಲೇ ಬರುತ್ತದೆ, ಜೊತೆಗೆ ಶುಂಠಿ ಚೂರು.

ಉಕ್ಕಿನ ದೋಣಿ

ಆಕ್ಲೆಂಡಿನ ತಂಗಿಗೆ: ನಿಮ್ಮವರ ಹತ್ತಿರ ದಿನಾಂಕ ಕೇಳಿ, ಕೆಲಸದ ಪಟ್ಟಿ ಕೇಳಿ. ಸಿಟ್ಟಿನಿಂದ ಬೇಡ, ಕಾಗದ ಪೆನ್ನು ಇಟ್ಟುಕೊಂಡು. ಕೆಲಸ ಮಾಡುವವನಿಗೂ ಅದು ಸಹಾಯವೇ. ಯಾವಾಗ ಮುಗಿಯುತ್ತದೆ ಅಂತ ಗೊತ್ತಿಲ್ಲದೆ ದುಡಿಯುವುದು ಅವರಿಗೂ ಸುಸ್ತು. ಮತ್ತೆ ಕೌರಿ ಒಳ್ಳೆಯ ಮರ, ಬಾಳಿಕೆ ಬರುತ್ತದೆ. ಆದರೆ ಮರದ ದೋಣಿಗೆ ಮಳೆನೀರು ಉಪ್ಪುನೀರಿಗಿಂತ ದೊಡ್ಡ ಶತ್ರು. ಡೆಕ್ ಸೋರದಂತೆ ಮಾಡುವುದು, ಗಾಳಿ ಆಡುವಂತೆ ಇಡುವುದು ಮೊದಲು. ಇಲ್ಲದಿದ್ದರೆ ಒಳಗೊಳಗೇ ಕೊಳೆಯುತ್ತದೆ.

ಹಲಸೂರು ಕೆರೆ · ಬೆಂಗಳೂರು

ಹಲಸೂರು ಕೆರೆಯಲ್ಲಿ ಸೇನೆಯವರ ಹಾಯಿ ದೋಣಿಗಳನ್ನು ನೋಡುತ್ತಾ ಬೆಳೆದವನು ನಾನು. ಕೆಲಸದ ಮೇಲೆ ಸದ್ಯದಲ್ಲೇ ಸೌತಾಂಪ್ಟನ್‌ಗೆ ಬರುತ್ತಿದ್ದೇವೆ, ಐದು ವರ್ಷದ ಮಗಳಿದ್ದಾಳೆ. ಸೆಂಟಾರ್‌ಗಳು ಕೆಲವು ಸಾವಿರ ಪೌಂಡಿಗೆ ಸಿಗುತ್ತವೆ ಅಂತ ಜಾಹೀರಾತು ನೋಡಿದೆ. ಖರೀದಿ ಬಿಟ್ಟು ನಿಜವಾದ ಖರ್ಚು ಎಲ್ಲಿ ಬೀಳುತ್ತದೆ? ಚಳಿಗಾಲದಲ್ಲಿ ದೋಣಿಯಲ್ಲಿ ಮಲಗಬಹುದಾ? ಮತ್ತೆ ನಮಗೆ ಯಾರಿಗೂ ಈಜು ಸರಿಯಾಗಿ ಬರುವುದಿಲ್ಲ.

ತೇಲುಮನೆ

ಕೊನೆಯದರಿಂದ ಶುರು ಮಾಡುತ್ತೇನೆ. ಈಜು ಕಲಿಯಿರಿ, ಮೂವರೂ. ಊರಿನ ಈಜುಕೊಳದಲ್ಲಿ ಚಳಿಗಾಲವೇ ಅದಕ್ಕೆ ಸರಿಯಾದ ಕಾಲ. ಆದರೆ ಇಲ್ಲಿಯ ನೀರು ತಣ್ಣಗಿದೆ, ಈಜು ಬಂದವರೂ ಬಿದ್ದ ಕೂಡಲೇ ಏದುಸಿರು ಬಿಡುತ್ತಾರೆ. ಅದಕ್ಕೇ ಲೈಫ್‌ಜಾಕೆಟ್. ಐದು ವರ್ಷದ ಮಗುವಿಗೆ ಒಳಗೆ ಫೋಮ್ ತುಂಬಿದ, ಕತ್ತಿನ ಹಿಂದೆ ದಪ್ಪ ಕಾಲರ್ ಇರುವ, ಕಾಲಿನ ಸಂದಿಯಿಂದ ಪಟ್ಟಿ ಬರುವ ಜಾಕೆಟ್ ತಗೊಳ್ಳಿ. ಪಟ್ಟಿ ಇಲ್ಲದಿದ್ದರೆ ನೀರಿನಲ್ಲಿ ಜಾಕೆಟ್ ಮೇಲೆ ಹೋಗಿ ಮಗು ಕೆಳಗೆ ಉಳಿಯುತ್ತದೆ. ಬೆಳೆಯುತ್ತಾಳೆ ಅಂತ ದೊಡ್ಡ ಸೈಜ್ ತಗೊಳ್ಳಬೇಡಿ. ಪಾಂಟೂನ್ (ತೇಲುವ ಕಟ್ಟೆ) ಮೇಲೆ ಕಾಲಿಡುವ ಮೊದಲೇ ಹಾಕಬೇಕು. ದೊಡ್ಡವರೂ ಹಾಕಿದ್ದರೆ ಮಕ್ಕಳು ತಕರಾರು ಮಾಡುವುದಿಲ್ಲ.

ಚಳಿಗಾಲದಲ್ಲಿ ಮಲಗಬಹುದು, ಆದರೆ ಹೀಟರ್ ವಿಷಯದಲ್ಲಿ ರಾಜಿ ಬೇಡ. ಅಡುಗೆ ಒಲೆ ಹಚ್ಚಿ ಕ್ಯಾಬಿನ್ ಬಿಸಿ ಮಾಡುವುದು ಯಾವತ್ತೂ ಬೇಡ. ಅದರಿಂದ ಬರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ. ಇಎನ್ 50291-2 (ಯುರೋಪಿನ ಗುಣಮಟ್ಟದ ಗುರುತು) ಅಂತ ಬರೆದಿರುವ ಅಲಾರ್ಮ್ ದೋಣಿ, ಕ್ಯಾರವಾನ್‌ಗಳಿಗೆಂದೇ ಮಾಡಿದ್ದು, ಅದನ್ನೇ ತಗೊಳ್ಳಿ. ಪಕ್ಕದ ದೋಣಿಯವರ ಎಂಜಿನ್ ಹೊಗೆಯೂ ನಿಮ್ಮ ಕಿಟಕಿಯಿಂದ ಒಳಗೆ ಬರಬಹುದು.

ಖರ್ಚು: ದೋಣಿ ನಿಲ್ಲಿಸುವ ಜಾಗ, ಕ್ರೇನ್, ವಿಮೆ. ಇವು ಪ್ರತಿ ವರ್ಷದ್ದು. ಹಳೇ ದೋಣಿಗೆ ವಿಮೆ ಕೊಡುವವರು ಸಾಮಾನ್ಯವಾಗಿ ಸರ್ವೇ ರಿಪೋರ್ಟ್ ಕೇಳುತ್ತಾರೆ, ಮಾಸ್ಟಿನ ತಂತಿಗಳು ಯಾವಾಗ ಹಾಕಿದ್ದು ಅಂತಲೂ ಕೇಳುತ್ತಾರೆ. ಹೊಸ ಡೀಸೆಲ್ ಎಂಜಿನ್ ಹಾಕಿಸಿದರೆ ದೋಣಿಯ ಬೆಲೆಗಿಂತ ಜಾಸ್ತಿ ಆಗುವುದು ಮಾಮೂಲು. ಹಾಗಾಗಿ ನೋಡಲು ಹೋದಾಗ ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ.

ಆಮೇಲೆ ಸೀಕಾಕ್‌ಗಳು. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಉಪ್ಪುನೀರಿನಲ್ಲಿ ಸತು ಕರಗಿ ಹೋಗುತ್ತದೆ. ಹೊರಗಿನ ಆಕಾರ ಹಾಗೇ ಇರುತ್ತದೆ, ಒಳಗೆ ತೂತು ತೂತಾದ ತಾಮ್ರ ಮಾತ್ರ. ಬೆರಳಲ್ಲಿ ಒತ್ತಿದರೂ ಮುರಿಯಬಹುದು. ದಡದಲ್ಲಿದ್ದಾಗ ಮಾಲೀಕರನ್ನು ಕೇಳಿ ಮೊಂಡು ಚಾಕುವಿನಿಂದ ಒಂದು ಚೂರು ಕೆರೆದು ನೋಡಿ. ಹಳದಿ ಹೊಳಪು ಬಂದರೆ ಸರಿ, ಗುಲಾಬಿ ಬಣ್ಣ ಬಂದರೆ ಬದಲಾಯಿಸಬೇಕು. ಕಂಚಿನದ್ದು ಹಾಕಿ, ಇಲ್ಲವೇ ದೋಣಿಗೆಂದೇ ಮಾಡಿದ ಗಟ್ಟಿ ಪ್ಲಾಸ್ಟಿಕ್‌ನದ್ದು. ಪ್ರತಿ ವಾಲ್ವ್ ಪಕ್ಕ ಅದೇ ಅಳತೆಯ ಮರದ ಬೆಣೆ ಕಟ್ಟಿಡಿ, ವಾಲ್ವ್ ಮುರಿದರೆ ತೂತಿಗೆ ಬಡಿಯಲು.

ಒಳಗಿನ ಚಾವಣಿಯ ಬಟ್ಟೆ ಜೋತು ಬಿದ್ದಿದ್ದರೆ ಗಾಬರಿ ಬೇಡ. ಅದರ ಹಿಂದಿನ ಫೋಮ್ 50 ವರ್ಷಕ್ಕೆ ಪುಡಿಯಾಗುತ್ತದೆ, ಅದು ವಯಸ್ಸು. ಬೆಲೆ ಇಳಿಸಲು ಅದನ್ನು ತೋರಿಸಿ, ಆದರೆ ಅದಕ್ಕಾಗಿ ಒಳ್ಳೆಯ ದೋಣಿ ಬಿಡಬೇಡಿ.

ದಡದಲ್ಲಿರುವವಳು

ಇಲ್ಲಿ ಓದಿದ್ದನ್ನು ಅವರಿಗೆ ತೋರಿಸಿದೆ. ಮೊದಲು ಸುಮ್ಮನಾದರು. ಆಮೇಲೆ ಅವರೇ ಪಟ್ಟಿ ಬರೆದರು. ಉದ್ದ ಇದೆ. ಡೆಕ್ ಈ ವರ್ಷ, ಒಳಗಿನ ಮರಗೆಲಸ ಆಮೇಲೆ ಅಂತ ಗೆರೆ ಎಳೆದಿದ್ದೇವೆ. ಭಾನುವಾರ ಮನೆಯಲ್ಲಿ. ನಾನು ಕೇಳಿದ್ದು ಎಡಗಡೆಯ ಬೆಂಚು ಮತ್ತು ಅದರ ಮೇಲಿನ ಪುಸ್ತಕದ ಕಪಾಟು. ಮಗ ಪೈಪ್ ಹಿಡಿದು ಸೋರುವ ಜಾಗ ಹುಡುಕುವ ಕೆಲಸ ತನಗೇ ಬೇಕು ಅಂತ ಹಠ ಹಿಡಿದಿದ್ದಾನೆ. ಎಷ್ಟು ದಿನ ಹೀಗೆ ನಡೆಯುತ್ತದೋ ನೋಡಬೇಕು. ನಡೆಯಲಿ ಅಂತ ನನ್ನ ಆಸೆ.

ಮರಕ್ಕೆ ಮಳೆನೀರೇ ಶತ್ರು ಅನ್ನುವುದನ್ನು ಅವರೂ ಒಪ್ಪಿದರು. ಟಾರ್ಪಾಲಿನ್‌ನ ಎರಡೂ ತುದಿ ತೆರೆದು ಗಾಳಿ ಬಿಟ್ಟಿದ್ದಾರೆ.

ಮಲ್ಪೆ ಬಂದರು

ತಂಗಿ, ಒಳ್ಳೆಯದಾಗಲಿ. ಡೆಕ್ಕಿನ ಹಲಗೆಗಳ ಸಂದಿ ನೋಡುವಾಗ ಮೂಲೆಗಳನ್ನು ಬಿಡಬೇಡಿ. ನಮ್ಮ ಬಡಗಿ ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋಗುತ್ತಾನೆ. ಗಟ್ಟಿ ಮರ ಠಣ್ ಅನ್ನುತ್ತದೆ, ಕೊಳೆತದ್ದು ಡಬ್ ಅನ್ನುತ್ತದೆ. ಇದನ್ನು ಮಕ್ಕಳೂ ಮಾಡಬಹುದು, ಅವರ ಕಿವಿ ಚುರುಕು.

ಹಲಸೂರು ಕೆರೆ

ಎಲ್ಲರಿಗೂ ಧನ್ಯವಾದ. ಬಂದ ಮೇಲೆ ಮೊದಲು ದೋಣಿ ಹುಡುಕುವುದಾ, ನಿಲ್ಲಿಸುವ ಜಾಗ ಹುಡುಕುವುದಾ?

ತೇಲುಮನೆ

ಜಾಗ. ಅಗ್ಗದ ಕೆಸರಿನ ಮೂರಿಂಗ್‌ಗಳಿಗೆ ಹಲವು ಕಡೆ ಕಾಯುವ ಪಟ್ಟಿ ಇರುತ್ತದೆ. ಬರುವ ಮೊದಲೇ ಹೆಸರು ಬರೆಸಿ. ಮನೆಯಿಂದ ಅರ್ಧ ಗಂಟೆಯೊಳಗೆ ತಲುಪುವಂತಿರಲಿ. ದೂರ ಇದ್ದರೆ ಶಾಲೆ ಬಿಟ್ಟ ಮೇಲೆ ಸಂಜೆ ಒಂದು ಸುತ್ತು ಹೋಗುವುದು ಆಗುವುದೇ ಇಲ್ಲ. ಮಕ್ಕಳಿಗೆ ಜಾಸ್ತಿ ಇಷ್ಟವಾಗುವುದೂ ಆ ಸಂಜೆಗಳೇ. ನಮ್ಮ ಮಕ್ಕಳಿಗೆ ಚಿಚೆಸ್ಟರ್ ಹಾರ್ಬರ್ ಒಳಗಿನ ಈಸ್ಟ್ ಹೆಡ್‌ನ ಮರಳದಿಬ್ಬದ ಹತ್ತಿರ ಲಂಗರು ಹಾಕಿ ಊಟ ಮಾಡಿದರೆ ಸಾಕು, ದೂರದ ಯಾನ ಬೇಡವೇ ಬೇಡ. ಚಿಚೆಸ್ಟರ್ ಕಡೆ ಸಿಕ್ಕಿದರೆ ಒಂದು ಮಾತು ನೆನಪಿಡಿ: ಹಾರ್ಬರ್ ಬಾಯಿಯಲ್ಲಿ ಮರಳಿನ ದಿಬ್ಬ ಇದೆ. ದಕ್ಷಿಣದ ಗಾಳಿ ಜೋರಾಗಿದ್ದು ನೀರು ಇಳಿಯುತ್ತಿದ್ದರೆ ಅಲ್ಲಿ ಅಲೆ ಒಡೆಯುತ್ತದೆ, ಮಕ್ಕಳನ್ನು ಇಟ್ಟುಕೊಂಡು ದಾಟಬಾರದು. ಒಳಗೇ ಬೇಕಾದಷ್ಟು ನೀರಿದೆ.

ಹಾರ್ಬರ್ ಆಫೀಸಿಗೆ ಮೇಲ್ ಮಾಡುವಾಗ ಉದ್ದ 7.92 ಮೀಟರ್, ಎರಡು ಕೀಲ್, ಕೆಸರಿನ ಮೇಲೆ ನಿಲ್ಲುತ್ತದೆ ಅಂತ ಬರೆಯಿರಿ. ಕೆಸರಿನ ಮೂರಿಂಗ್ ಕೊಡಬಹುದಾ ಅಂತ ಅವರು ನೋಡುವುದು ಇದನ್ನೇ. ದೋಣಿ ನೋಡಲು ಹೋಗುವ ಶನಿವಾರ ತಿಳಿಸಿ, ನಾನೂ ನಮ್ಮನೆಯವರೂ ಬರುತ್ತೇವೆ.